ಬ್ರೇಕಿನ ಮೇಲಿನ ಕಾಲು

ಮಾರ್ಚ್ ೩, ಸೋಮವಾರ

ಬ್ರೆಡ್ಡಿನವನ ಗಾಡಿ ವಾಪಸ್ ಬಂತು. ಹೋದ ತಿಂಗಳು ನಾನೇ ಸರಿಮಾಡಿ ಕಳಿಸಿದ್ದ ಬೈಕು. ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆಯುವಷ್ಟರಲ್ಲಿ ತಳ್ಳಿಕೊಂಡು ಬಂದು ನಿಂತಿದ್ದ, ಮುಖ ಸುಟ್ಟ ಬದನೆಕಾಯಿ. "ಅಕ್ಕಾ, ಕ್ಲಚ್ ಹಿಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಒಳಗೆ ಯಾರೋ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು" ಎಂದ. ಎಣ್ಣೆ ಇಳಿಸಿ, ಕವರ್ ಬಿಚ್ಚಿ, ಪ್ಲೇಟುಗಳನ್ನು ತೆಗೆದು ನೋಡಿದರೆ ಕ್ಲಚ್ಚಿನ ನಡುವಿನ ದೊಡ್ಡ ನಟ್ಟು ಬೆರಳಲ್ಲೇ ತಿರುಗಿತು. ನಾನು ಬಿಗಿದ ನಟ್ಟು!

ಬೆನ್ನ ಹಿಂದೆ ಮುದುಕಿ ನಿಂತಿದ್ದಳು. ಯಾವಾಗ ಬಂದಳೋ. ನನ್ನ ಕೆಲಸ ಕೆಟ್ಟಾಗ ಮಾತ್ರ ಅವಳ ಮಂಡಿನೋವು ಮಾಯವಾಗುತ್ತದೆ. "ನನ್ನ ಮಗ ಇದ್ದಿದ್ರೆ ಹೀಗಾಗ್ತಿತ್ತಾ?" ಎಂದಳು.

ನಿನ್ನ ಮಗ ಇದ್ದಿದ್ದರೆ! ಮಗ ಇಲ್ಲದ್ದಕ್ಕೇ ತಾನೇ ನಾನು ಈ ಎಣ್ಣೆಯಲ್ಲಿ ಮುಳುಗಿರುವುದು. ಆ ಮಹಾನುಭಾವ ಚಳಿಗಾಲದಲ್ಲಿ ಬಿಡಿಭಾಗದ ಅಂಗಡಿಯವಳ ಜೊತೆ ದೊಡ್ಡ ಊರಿಗೆ ಹೋದ. ದೊಡ್ಡ ಗ್ಯಾರೇಜ್ ಹಾಕುತ್ತಾನಂತೆ. ಹೋಗುವಾಗ ಸಾಕೆಟ್ ಸೆಟ್ಟು, ಕ್ಲಚ್ ಹಿಡಿಯುವ ಇಕ್ಕಳ, ಒಳ್ಳೆಯ ಸ್ಪ್ಯಾನರುಗಳು, ಗೋಡೆಯ ಫ್ಯಾನು ಸಹ ಬಿಚ್ಚಿಕೊಂಡು ಹೋದ. ಬಿಟ್ಟು ಹೋದದ್ದು ಎರಡೇ: ತಾಯಿಯನ್ನು ಮತ್ತು ಹೆಂಡತಿಯನ್ನು. ಅವನ ಪಕ್ಕ ಕೂತು ವರ್ಷಗಟ್ಟಲೆ ನೋಡಿ ಕಲಿತದ್ದರಿಂದ ಶೆಡ್ಡು ನಡೆಯುತ್ತಿದೆ. ಆದರೆ ಶೆಡ್ಡು ಸತ್ತುಹೋದ ಮಾವ ಕಟ್ಟಿದ್ದು, ಮುದುಕಿಯ ಹೆಸರಿನಲ್ಲಿದೆ.

ಅದಕ್ಕೇ ಇವತ್ತು ಫರ್ಮಾನು ಹೊರಡಿಸಿದಳು. "ಇನ್ನೊಂದು ಸಲ ಈ ಗಾಡಿ ತಳ್ಕೊಂಡು ಬಂದ್ರೆ ಬೀಗದಕೈ ನನ್ನ ಕೈಗೆ ಕೊಡು. ಪಕ್ಕದ ಗುಜರಿಯವನು ಬಾಡಿಗೆಗೆ ಕೇಳ್ತಾನೇ ಇದ್ದಾನೆ."

ಶೆಡ್ಡು ಹೋದರೆ ನನಗೆ ಉಳಿಯುವುದು ತವರುಮನೆಯ ಅಡುಗೆಕೋಣೆಯ ಮೂಲೆ. ಅಲ್ಲಿ ಅತ್ತಿಗೆಯ ರಾಜ್ಯ. ಸತ್ತರೂ ಹೋಗಲಾರೆ.

ಎಣ್ಣೆ ಕಂಪನಿಯವರು ಪುಕ್ಕಟೆ ಕೊಟ್ಟ ಡೈರಿ ಇದು. ಬಾಯಲ್ಲಿ ಬೈದರೆ ಅವಳಿಗೆ ಕೇಳಿಸುತ್ತದೆ, ಆಮೇಲೆ ಅವಳ ಸರದಿ ಶುರುವಾದರೆ ಸಂಜೆಯವರೆಗೂ ಮುಗಿಯುವುದಿಲ್ಲ. ಆದ್ದರಿಂದ ಇಲ್ಲಿ ಬೈಯುತ್ತಿದ್ದೇನೆ.

ಮಾರ್ಚ್ ೪, ಮಂಗಳವಾರ

ಈ ಹಾಳು ನಟ್ಟು ಒಬ್ಬರೇ ಬಿಗಿಯುವಂಥದ್ದಲ್ಲ. ನಟ್ಟು ತಿರುಗಿಸಿದರೆ ಕ್ಲಚ್ಚೂ ಅದರ ಜೊತೆಗೇ ಗಿರಗಿರ ತಿರುಗುತ್ತದೆ. ಹಿಡಿಯುವ ಇಕ್ಕಳವನ್ನು ಕಳ್ಳ ಒಯ್ದ. ಇಕ್ಕಳ ಇಲ್ಲದಿದ್ದರೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಯಾರಾದರೂ ಮೇಲೆ ಕೂತು ಹಿಂದಿನ ಬ್ರೇಕನ್ನು ಬಲವಾಗಿ ತುಳಿದಿರಬೇಕು. ಆಗ ಕ್ಲಚ್ಚು ಮಿಸುಕುವುದಿಲ್ಲ. ಹೋದ ಸಲ ಬ್ರೆಡ್ಡಿನವನೇ ಕೂತು ತುಳಿದಿದ್ದ. ಇವತ್ತು ಅವನು ಭಾವಮೈದನ ಸೈಕಲ್ ಇಸಕೊಂಡು ಬ್ರೆಡ್ ಹಂಚಲು ಹೋಗಿದ್ದ. ಪೆಡಲಿನ ಮೇಲೆ ಇಟ್ಟಿಗೆ ಇಟ್ಟು ನೋಡಿದೆ. ಇಟ್ಟಿಗೆ ಜಾರಿ ನನ್ನ ಹೆಬ್ಬೆರಳಿನ ಮೇಲೆಯೇ ಬಿತ್ತು.

ನಾನು ಬೆರಳು ಹಿಡಿದು ಕುಣಿಯುವುದನ್ನು ಮುದುಕಿ ಬಾಗಿಲಲ್ಲಿ ಕೂತು ಸಾವಧಾನವಾಗಿ ನೋಡಿದಳು. ಆಮೇಲೆ ಎದ್ದು ಬಂದು, ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಗಾಡಿ ಏರಿ ಕೂತಳು. "ಮದುವೆಯಾದ ಮಾರನೇ ವಾರದಿಂದ ನಿಮ್ಮಾವನಿಗೆ ಬ್ರೇಕ್ ತುಳಿದು ಕೊಟ್ಟಿದ್ದೀನಿ. ಹೂಂ, ಬಿಗಿ" ಎಂದಳು.

ಬ್ರೇಕು ಬಲಗಡೆ, ಕ್ಲಚ್ಚೂ ಬಲಗಡೆ. ನಾನು ಕುಕ್ಕುರುಗಾಲಲ್ಲಿ ಕೂತರೆ ಅವಳ ಕಾಲು ನೇರ ನನ್ನ ಮೂಗಿಗೆ. ದೇವರೇ, ಯಾವ ಜನ್ಮದ ಕರ್ಮ.

ನಟ್ಟು ತಾನಾಗಿ ಸಡಿಲವಾಗದ ಹಾಗೆ ಹೊಸ ಲಾಕ್ ವಾಷರ್ ಹಾಕಿದೆ. ನಟ್ಟು ಹತ್ತುವ ತಿರುಪಿನ ಗೀರುಗಳಲ್ಲಿ, ಅಂದರೆ ಮರೆಯಲ್ಲಿ, ಎಣ್ಣೆಯ ಪಸೆಯೂ ಇಲ್ಲದ ಹಾಗೆ ಒರೆಸಿದೆ. ಟಾರ್ಕ್ ರೆಂಚನ್ನು ಏಳಕ್ಕೆ ಇಟ್ಟೆ. ಮಾವನ ಕಾಲದ್ದು, ಅರ್ಧ ಮೀಟರ್ ಉದ್ದದ ಕೋಲು. ಬೇಕಾದ ಅಳತೆಗೆ ಹಿಡಿ ತಿರುಗಿಸಿಟ್ಟರೆ, ನಟ್ಟು ಅಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುತ್ತದೆ. ಮುದುಕಿ ಅದನ್ನು ಟಕ್ ಕೋಲು ಎನ್ನುತ್ತಾಳೆ. ಎಳೆದೆ. ಟಕ್ ಎಂದಿತು.

"ಆಗಿಲ್ಲ" ಎಂದಳು ಮೇಲಿನಿಂದ.

"ಟಕ್ ಅಂತಲ್ಲ, ಕೇಳಿಸ್ಲಿಲ್ವಾ?"

"ಕಿವಿ ಚೆನ್ನಾಗಿದೆ ನಂಗೆ. ಸೀಟು ಜಗ್ಗಲಿಲ್ಲ. ನಿಮ್ಮಾವ ಬಿಗಿದ್ರೆ ಕೊನೇಲಿ ಕೂತಲ್ಲೇ ಒಂದು ಸಲ ಜಗ್ಗೋದು."

"ಹಾಗಾದ್ರೆ ಕೋಲು ಸುಳ್ಳು ಹೇಳುತ್ತಾ?"

"ನಾಲಿಗೆ ಬಿಗಿಹಿಡಿ. ಅದು ನಮ್ಮ ಯಜಮಾನರ ಕೋಲು, ಅದು ಸುಳ್ಳು ಹೇಳಲ್ಲ. ಕೈ ನಿಂದು."

ಕೋಲೂ ಸರಿ, ಅವಳ ಅಂಡೂ ಸರಿ, ನಡುವೆ ನನ್ನ ಕೈಯೊಂದೇ ತಪ್ಪು! ಇನ್ನೂ ಬಿಗಿದರೆ ಮರೆ ಕಿತ್ತು ಬರುತ್ತದೆ, ಆಗ ಇಡೀ ಷಾಫ್ಟು ಹೊಸದು ಹಾಕಬೇಕು. ನಾನು ಟಕ್ ಅಂದಲ್ಲಿಗೇ ನಿಲ್ಲಿಸಿದೆ. ಅವಳು ಇಳಿಯುವಾಗ ಕೈ ಚಾಚಿದೆ, ಹಿಡಿಯಲಿಲ್ಲ. ನಾನೂ ಎರಡನೇ ಸಲ ಚಾಚಲಿಲ್ಲ.

ಮಾರ್ಚ್ ೬, ಗುರುವಾರ

ಬ್ರೆಡ್ಡಿನವನು ಹಾರ್ನ್ ಹೊಡೆದುಕೊಂಡು ಹೋದ. ಗಾಡಿ ಬೆಣ್ಣೆ ಹಾಗಿದೆಯಂತೆ. ಮುದುಕಿಗೆ ಕೇಳಿಸಲಿ ಎಂದು "ಏನಂದೆ? ಜೋರಾಗಿ ಹೇಳು" ಎಂದೆ. ಪಾಪದವನು, ಇನ್ನೊಂದು ಸಲ ಕೂಗಿ ಹೇಳಿದ. ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು. ಇವತ್ತು ಊಟ ರುಚಿಸಿತು.

ಮಾರ್ಚ್ ೧೦, ಸೋಮವಾರ

ಮತ್ತೆ ಬಂತು.

ಈ ಸಲ ಗಾಡಿಯ ಜೊತೆ ಅವನ ಮೊಣಕೈಯೂ ಹರಿದು ಬಂದಿದೆ. ಏರಿನಲ್ಲಿ ಕ್ಲಚ್ ಕೈಕೊಟ್ಟಿದೆ, ಗಾಡಿ ಹಿಂದಕ್ಕೆ ಜಾರಿದೆ, ಅವನು ಬ್ರೆಡ್ ಟ್ರೇಗಳ ಸಮೇತ ಚರಂಡಿಗೆ ಬಿದ್ದಿದ್ದಾನೆ. "ಬ್ರೆಡ್ಡನ್ನ ನಾಯಿಗಳು ತಿಂದ್ವು ಅಕ್ಕಾ. ಹಿಂದಿಂದ ಲಾರಿ ಬರ್ತಿದ್ರೆ ನನ್ನನ್ನೂ ತಿನ್ನೋಕೆ ಬರ್ತಿದ್ವು" ಎಂದ. ನಗಿಸಲು ಹೇಳಿದನೋ ಏನೋ, ನನಗೆ ನಗು ಬರಲಿಲ್ಲ. ಬೇರೆ ಗ್ಯಾರೇಜಿಗೆ ತಳ್ಳಿಕೊಂಡು ಹೋಗುವ ಶಕ್ತಿ ಅವನಿಗೆ ಇರಲಿಲ್ಲ. ಗಾಡಿ ಇಲ್ಲೇ ಬಿಟ್ಟು ಸೈಕಲ್ ತರಲು ಹೋದ.

ಅವನು ತಿರುವು ದಾಟುವವರೆಗೂ ಮುದುಕಿ ಕಾದಳು. ಆಮೇಲೆ ಕೈ ಚಾಚಿದಳು. "ಬೀಗದಕೈ."

ನನಗೆ ಎಲ್ಲಿತ್ತೋ ಸಿಟ್ಟು, ಒಟ್ಟಿಗೇ ಬಂತು. "ಬೇಕಂತ ಮಾಡಿದ್ರಿ. ನಾನು ಎಳೆಯೋ ಹೊತ್ತಿಗೆ ಕಾಲು ಸಡಿಲ ಬಿಟ್ರಿ. ಗುಜರಿಯವನಿಗೆ ಕೊಡೋಕೆ ನೆಪ ಬೇಕಿತ್ತು ನಿಮಗೆ" ಎಂದೆ.

ಅವಳು ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡಳು. ಒಳಗೆ ಹೋಗಿ ಫೋನ್ ಹಚ್ಚಿದಳು. ಗೋಡೆಯಾಚೆ ನನಗೆ ಕೇಳಿಸಲಿ ಎಂದೇ ಜೋರಾಗಿ, "ಮಗಾ, ಬಂದುಬಿಡು. ಈ ಶೆಡ್ಡಿಗೊಂದು ದಾರಿ ಮಾಡಿ ಹೋಗು" ಎಂದಳು. ಇಪ್ಪತ್ತೆರಡನೇ ತಾರೀಕು ಶನಿವಾರ ಬರುತ್ತಾನಂತೆ. ಗುಜರಿಯವನ ಕೈಗೆ ಬೀಗ ಕೊಟ್ಟು, ಉಳಿದ ಸಾಮಾನು ಹೇರಿಕೊಂಡು ಹೋಗುತ್ತಾನಂತೆ. ಹೆತ್ತವರಿಗೆ ಹೆಗ್ಗಣ ಮುದ್ದು. ಆ ಹೆಗ್ಗಣ ಮನೆಯನ್ನೇ ಕೊರೆದು ಹೋದರೂ ಮುದ್ದೇ!

ಮಾರ್ಚ್ ೧೧, ಮಂಗಳವಾರ

ಮಾತಿಲ್ಲ. ಒಂದೇ ಒಲೆ, ಎರಡು ಅಡುಗೆ. ಅವಳ ಅನ್ನ ಸೀದುಹೋಯಿತು. ಸೀಯುವ ವಾಸನೆ ನನಗೆ ಮೊದಲೇ ಬಂದಿತ್ತು, ಹೇಳಲಿಲ್ಲ.

ಮಾರ್ಚ್ ೧೨, ಬುಧವಾರ

ಬೆಳಗ್ಗೆ ಮುದುಕಿ ಹಿತ್ತಲ ಕಲ್ಲಿನ ಮೇಲೆ ಕೂತು ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಬಟ್ಟೆ ಹರವಲು ಹೋದವಳು ನೋಡಿಬಿಟ್ಟೆ. ಅಂಗಾಲಿಗೆ ಅಡ್ಡಲಾಗಿ ಹಳದಿಗೆ ತಿರುಗಿದ ನೀಲಿ ಪಟ್ಟಿ. ಪಟ್ಟಿಯಲ್ಲಿ ಬ್ರೇಕ್ ಪೆಡಲಿನ ಹಲ್ಲುಗಳ ಅಚ್ಚು ಒಂದೊಂದೂ ಎಣಿಸುವ ಹಾಗಿತ್ತು. ಅವಳು ಸೆರಗಿನಿಂದ ಮುಚ್ಚಿಕೊಂಡಳು.

ಸಡಿಲ ಬಿಟ್ಟ ಕಾಲಿಗೆ ಹಾಗೆ ಗಾಯ ಆಗುವುದಿಲ್ಲ. ನನಗೆ ಇನ್ನೂ ಸಿಟ್ಟು ಬಂತು. ತಪ್ಪು ಅವಳದ್ದೇ ಆಗಿದ್ದರೆ ಎಷ್ಟು ಸುಲಭವಿತ್ತು!

ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಶೆಡ್ಡಿಗೆ ಬಂದು ಕೂತೆ. ಹೋದ ತಿಂಗಳು ತುಳಿದದ್ದು ಬ್ರೆಡ್ಡಿನವನ ಕಾಲು, ಈ ಸಲ ಮುದುಕಿಯ ಕಾಲು, ಎರಡು ಸಲವೂ ನಟ್ಟು ಸಡಿಲ. ವಾಷರ್ ಹೊಸದು. ಮರೆ ಒಣಗಿತ್ತು. ನಾನು ಎಳೆದದ್ದು ಟಕ್ ಎನ್ನುವವರೆಗೆ. ಹಾಗಾದರೆ ಟಕ್ ಎನ್ನುವುದೇ ಸರಿಯಿಲ್ಲದಿದ್ದರೆ?

ಮಾವ ಬದುಕಿದ್ದಾಗ ಹೇಳಿದ್ದು ನೆನಪಾಯಿತು. ಏಳು ಎಂದರೆ ಒಂದು ಮೀಟರ್ ಕೋಲಿನ ತುದಿಗೆ ಏಳು ಕಿಲೋ ತೂಗಿಸಿದಷ್ಟು ಬಲ. ಕೋಲು ಅರ್ಧ ಮೀಟರಾದರೆ ತೂಕ ಎರಡರಷ್ಟು, ಹದಿನಾಲ್ಕು. ಕೋಲಿನ ಬಾಯನ್ನು ಮೇಜಿಗೆ ಕೂರಿಸಿದ ವೈಸಿನ ದವಡೆಯಲ್ಲಿ ಕಚ್ಚಿಸಿ, ಅಡ್ಡಕ್ಕೆ ನಿಲ್ಲಿಸಿ, ತುದಿಗೆ ತೂಕ ಇಳಿಬಿಟ್ಟರೆ ಹದಿನಾಲ್ಕಕ್ಕೆ ಟಕ್ ಅನ್ನಬೇಕು.

ತೂಕದ ಕಲ್ಲು ಇರುವುದು ಗುಜರಿಯವನ ಹತ್ತಿರ. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ ಎನ್ನುವಂಥ ಮನುಷ್ಯ. "ತಗೊಳ್ಳಿ ತಂಗಿ, ಎಲ್ಲ ನಿಮ್ದೇ. ನಾಳೆ ನಿಮ್ಮ ಶೆಡ್ಡು ನಮ್ದಾಗಲ್ವಾ" ಎಂದು ಹಲ್ಲು ಕಿರಿಯುತ್ತ ಕಲ್ಲುಗಳನ್ನು ತಾನೇ ಹೊತ್ತು ತಂದ. ತಮಾಷೆ ನೋಡಬೇಕಿತ್ತು ಅವನಿಗೆ.

ಮುದುಕಿ ಓಡಿ ಬಂದಳು. "ನಮ್ಮ ಯಜಮಾನರ ಕೋಲನ್ನ ಗುಜರಿ ಕಲ್ಲಲ್ಲಿ ಅಳೀತೀಯಾ? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

"ನೆಲ ಡೊಂಕೋ ಅಲ್ವೋ ನೋಡೇಬಿಡೋಣ, ನಿಂತ್ಕೊಳಿ" ಎಂದೆ.

ಕೋಲನ್ನು ಏಳಕ್ಕೆ ಇಟ್ಟು, ತುದಿಗೆ ಹಗ್ಗ ಕಟ್ಟಿ, ಮೊದಲ ಐದು ಕಿಲೋ ಕಲ್ಲು ತೂಗಿಸಿದೆ. ಸುಮ್ಮನಿತ್ತು. ಎರಡನೇ ಐದು ಕಿಲೋ ಸೇರಿಸಿ ಕೈ ಬಿಟ್ಟೆ.

ಟಕ್.

ಹತ್ತಕ್ಕೇ ಟಕ್. ಬಿಚ್ಚಿ ಮತ್ತೆ ಹಾಕಿದೆ, ಮತ್ತೆ ಹತ್ತಕ್ಕೇ. ಏಳು ಎಂದು ಹೇಳುತ್ತಾ ಐದನ್ನೇ ಕೊಡುತ್ತಿತ್ತು ಆ ಕೋಲು. ಕೋಲು ಗೆದ್ದರೆ ನಾನು ಸೋತ ಹಾಗೆ, ನಾನು ಗೆದ್ದಿದ್ದೆ. ಕುಣಿಯಬೇಕಿತ್ತು. ಮುದುಕಿಯ ಮುಖ ನೋಡಿ, ಕಲ್ಲುಗಳ ಹಗ್ಗ ಬಿಚ್ಚಿದೆ.

ಗುಜರಿಯವನು, "ಹಾಗಾದ್ರೆ ಇದನ್ನೂ ತೂಕಕ್ಕೆ ಹಾಕಿಬಿಡೋಣ ಬಿಡಿ ಅಮ್ಮಾ, ಒಳ್ಳೆ ಉಕ್ಕು" ಎಂದ.

"ನಿನ್ನ ಕಲ್ಲು ತಗೊಂಡು ಆಚೆ ನಡಿ" ಎಂದಳು ಅತ್ತೆ. "ನಡಿ ಅಂದೆ. ಈ ಹೊಸ್ತಿಲು ತುಳಿದ್ರೆ ಕಾಲು ಮುರೀತೀನಿ."

ಮಾರ್ಚ್ ೧೩, ಗುರುವಾರ

ಅತ್ತೆ ಬೆಳಗ್ಗೆಯಿಂದ ಎದ್ದಿರಲಿಲ್ಲ. ನನಗೇನು, ಮಲಗಲಿ ಎಂದುಕೊಂಡೆ. ಹತ್ತು ಗಂಟೆಯಾದರೂ ಬೈಗುಳ ಕೇಳಿಸದಿದ್ದಾಗ ಶೆಡ್ಡಿನಲ್ಲಿ ಕೆಲಸ ಸಾಗಲಿಲ್ಲ. ಟೀ ಮಾಡಿಕೊಂಡು ಹೋದೆ. ಸಕ್ಕರೆ ಹಾಕಿರಲಿಲ್ಲ, ಡಾಕ್ಟರು ಬೇಡ ಎಂದಿದ್ದಾರೆ. ಸಕ್ಕರೆ ಇಲ್ಲವೆಂದು ಬೈದರು. ಬೈದದ್ದು ಕೇಳಿ ಸಮಾಧಾನವಾಯಿತು.

ಲೋಟ ಖಾಲಿಯಾದ ಮೇಲೆ ಗೋಡೆ ನೋಡಿಕೊಂಡು ಹೇಳಿದರು. "ನಿಮ್ಮಾವ ಕೆಲಸ ಮುಗಿಸಿದ ಮೇಲೆ ಆ ಕೋಲಿನ ಹಿಡೀನ ಸೊನ್ನೆಗೆ ತಿರುಗಿಸಿ ಇಡ್ತಿದ್ರು. ಹಾಗೇ ಬಿಗಿಯಾಗಿ ಇಟ್ರೆ ಒಳಗಿನ ಸ್ಪ್ರಿಂಗು ಸೋತುಹೋಗುತ್ತೆ ಅಂತ. ಅವರು ಮರೆತ್ರೆ ನಾನು ತಿರುಗಿಸಿ ಇಡ್ತಿದ್ದೆ. ಆಮೇಲೆ ಈ ನನ್ನ ಮಗ ಬಂದ. ತುಕ್ಕು ಹಿಡಿದ ನಟ್ಟು ಬಿಚ್ಚೋಕೆ ಅದನ್ನೇ ಹಾಕೋನು. ಅದರ ತುದಿಗೆ ಪೈಪ್ ಸಿಕ್ಕಿಸಿ ಮೇಲೆ ಹತ್ತಿ ತುಳಿಯೋನು. ಒಂದಿನ ಅದರಲ್ಲೇ ಮೊಳೆ ಹೊಡೆದ. ನಾನು ನೋಡಿದ್ದೆ."

"ಗೊತ್ತಿತ್ತಾ ನಿಮಗೆ? ಗೊತ್ತಿದ್ದೂ ನನ್ನ ಕೈ ತಪ್ಪು ಅಂದ್ರಾ?"

"ಕೆಟ್ಟಿದೆ ಅಂತ ಗೊತ್ತಿರಲಿಲ್ಲ ಕಣೇ. ಕೆಟ್ಟಿರಬಾರದು ಅಂತ ಇತ್ತು."

ನಾನು ಜಗಳಕ್ಕೆ ತಯಾರಾಗಿದ್ದೆ, ಈ ಮಾತಿಗೆ ಎಲ್ಲಿಂದ ಜಗಳ ತೆಗೆಯುವುದು? ಆಮೇಲೆ ಅವರೇ ಮೆಲ್ಲಗೆ ಹೇಳಿದರು. "ಗೋಡೆ ಫ್ಯಾನು ಬಿಚ್ಕೊಂಡು ಹೋದೋನು ಅಪ್ಪನ ಕೋಲು ಯಾಕೆ ಬಿಟ್ಟು ಹೋದ ಅಂತ ಅವತ್ತೇ ಯೋಚಿಸಬೇಕಿತ್ತು ನಾನು. ನನ್ನ ನೆನಪಿಗೆ ಬಿಟ್ಟ ಅಂದ್ಕೊಂಡೆ."

ಅವನಿಗೆ ಗೊತ್ತಿತ್ತು. ಕೆಟ್ಟದ್ದೆಂದು ಗೊತ್ತಿದ್ದೇ ಬಿಟ್ಟು ಹೋದ. ಅದರಲ್ಲಿ ನಾನು ಬಿಗಿಯುತ್ತೇನೆ, ಯಾರಾದರೂ ಬೀಳುತ್ತಾರೆ ಎಂದು ತಿಳಿದೂ ಒಂದು ಮಾತು ಹೇಳಲಿಲ್ಲ. ಬ್ರೆಡ್ಡಿನವನ ಮೊಣಕೈ ನೆನಪಾಯಿತು. ಅವನು ಎದುರಿಗಿದ್ದರೆ ಅದೇ ಕೋಲಿನಲ್ಲಿ ಬಾರಿಸುತ್ತಿದ್ದೆ.

ಮುದುಕಿಯ ಮೇಲೆ ಪಾಪ ಅನ್ನಿಸಿತು ಎಂದು ಬರೆಯುವುದಿಲ್ಲ. ಅನ್ನಿಸಲಿಲ್ಲ. ಎರಡು ಅಡುಗೆಗೆ ಗ್ಯಾಸ್ ದಂಡ, ಅದಕ್ಕೇ ಮಧ್ಯಾಹ್ನ ಒಂದೇ ಅಡುಗೆ ಮಾಡಿದೆ.

ಮಾರ್ಚ್ ೧೫, ಶನಿವಾರ

ಹೊಸ ಟಾರ್ಕ್ ರೆಂಚು ತರಿಸಲು ಈಗ ಕೈಯಲ್ಲಾಗದು. ಆದರೆ ಕೋಲನ್ನು ಅಳೆದ ಲೆಕ್ಕದಲ್ಲೇ ನಟ್ಟನ್ನೂ ಬಿಗಿಯಬಹುದಲ್ಲ? ಉಳಿದಿರುವ ಒಂದೇ ಸಾಕೆಟ್ಟಿಗೆ ಸಾದಾ ಬಾರು, ಅಂದರೆ ಟಕ್ ಅನ್ನದ ಕಬ್ಬಿಣದ ಸರಳು ಹಾಕಿ, ಅರ್ಧ ಮೀಟರಿನ ಜಾಗಕ್ಕೆ ಹದಿನಾಲ್ಕು ಕಿಲೋ ತೂಗಿಸುವುದು. ಬಾರು ಅಡ್ಡಕ್ಕೆ ನಿಂತು, ಇನ್ನು ಕೆಳಗೆ ಇಳಿಯದಿದ್ದರೆ ಅದೇ ಏಳು.

ಗುಜರಿಯವನು ಈಗ ಕಲ್ಲು ಕೊಡುವುದಿಲ್ಲ. ಅತ್ತೆ ಖಾಲಿ ಪೇಂಟ್ ಬಕೆಟ್ ತೆಗೆದುಕೊಂಡು, ಕಟ್ಟಡದ ಕೆಲಸ ನಡೆಯುವ ಕಡೆಯಿಂದ ಮರಳು ತುಂಬಿಸಿ, ಆಳೊಬ್ಬನ ಕೈಯಲ್ಲಿ ಹೊರಿಸಿಕೊಂಡು ದಿನಸಿ ಅಂಗಡಿಗೆ ಹೋದರು. ಬಕೆಟ್ಟಿನ ತೂಕವೂ ಸೇರಿ ಹದಿನಾಲ್ಕು ಕಿಲೋ, ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಡಿಮೆಯಿಲ್ಲ. ದಿನಸಿಯವನು "ಅಮ್ಮಾ, ಮರಳಿಗೆ ಯಾಕೆ ಇಷ್ಟು ತರಲೆ" ಎಂದನಂತೆ. "ಅಕ್ಕಿ ತೂಗೋವಾಗ ನೀನು ಮಾಡೋ ತರಲೆಗಿಂತ ಕಡಿಮೇನೇ" ಎಂದರಂತೆ. ಬಂದು ಹೇಳಿದರು, ನನಗೆ ನಗು ಬಂತು, ಮುಖ ಆ ಕಡೆ ತಿರುಗಿಸಿಕೊಂಡು ನಕ್ಕೆ.

ಬಕೆಟ್ಟು ನೆಲಕ್ಕೆ ತಾಗಬಾರದಲ್ಲ, ಅದಕ್ಕೆ ಬ್ರೆಡ್ಡಿನವನ ಗಾಡಿಯನ್ನು ಮಾವ ಕಟ್ಟಿಸಿದ ಸಿಮೆಂಟ್ ಕಟ್ಟೆಯ ಮೇಲೆ ಹತ್ತಿಸಿದೆವು. ಕಟ್ಟೆಯ ಮೇಲೆ ಗಾಡಿ, ಗಾಡಿಯ ಮೇಲೆ ಅತ್ತೆ. ತಲೆ ಸೂರಿನ ತಗಡಿಗೆ ತಾಗುವುದೊಂದು ಬಾಕಿ. ಈ ಸಲ ಏರುವಾಗ ನನ್ನ ಭುಜ ಹಿಡಿದುಕೊಂಡರು. ಭಾರ ಇದ್ದಾರೆ.

ಬಕೆಟ್ ತೂಗಿಸಿದೆ. ಬಾರು ನಿಧಾನಕ್ಕೆ ಇಳಿಯಿತು. ಎತ್ತಿ ಮತ್ತೆ ಹಾಕಿದೆ, ಮತ್ತೆ ಇಳಿಯಿತು. ಇನ್ನೊಂದು ಸಲ ಹಾಕಿದಾಗ ಅಡ್ಡಕ್ಕೆ ನಿಂತುಬಿಟ್ಟಿತು. ಅದೇ ಗಳಿಗೆಗೆ ಮೇಲಿನಿಂದ, "ಹಾಂ! ಜಗ್ಗಿತು!" ಎಂದರು.

ನಾನು ತಲೆ ಎತ್ತಿ ನೋಡಿದೆ. ಅತ್ತೆ ಗಾಡಿಯ ಹ್ಯಾಂಡಲ್ ಹಿಡಿದು ಎಲ್ಲಿಗೋ ಹೊರಟವರ ಹಾಗೆ ನೆಟ್ಟಗೆ ಕೂತಿದ್ದರು. ಕಣ್ಣು ಒದ್ದೆಯಾಗಿತ್ತು. ಧೂಳು ಇರಬೇಕು, ಶೆಡ್ಡು ಗುಡಿಸಿ ವಾರವಾಗಿದೆ.

ಮಾರ್ಚ್ ೧೮, ಮಂಗಳವಾರ

ಅತ್ತೆಯ ಹೊಸ ರಗಳೆ. ಅವರ ಮಗ ಹೋದ ಮೇಲೆ ಆ ಕೋಲಿನಲ್ಲಿ ನಾನು ಬಿಗಿದ ಗಾಡಿಗಳನ್ನೆಲ್ಲ ವಾಪಸ್ ಕರೆಸಬೇಕಂತೆ. "ಕರೆಸಿದ್ರೆ ನನ್ನ ಹೆಸರು ಏನಾಗುತ್ತೆ?" ಎಂದೆ. "ಕರೆಸದೆ ಅವರು ಬಿದ್ರೆ ಏನಾಗುತ್ತೆ?" ಎಂದರು. ಈ ಹೆಂಗಸಿನ ಜೊತೆ ವಾದ ಮಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಎಲ್ಲರಿಗೂ ಫೋನ್ ಮಾಡಿದೆ. ಸೂಲಗಿತ್ತಿ, ಕಟುಕ, ಗಣಿತದ ಮೇಷ್ಟ್ರು, ಪೇಪರ್ ಹಾಕುವವನು. ಮೇಷ್ಟ್ರು ಬಂದವರೇ ಅರ್ಧ ಗಂಟೆ ರೇಗಾಡಿದರು. ಅತ್ತೆ ಗಾಡಿಯ ಮೇಲಿಂದಲೇ, "ತಪ್ಪು ಲೆಕ್ಕಾನ ನಿಮ್ಮ ಮಕ್ಕಳು ತಾವಾಗೇ ಬಂದು ತೋರಿಸಿದ್ರೆ ಹೊಡೀತೀರಾ ಮೇಷ್ಟ್ರೇ?" ಎಂದರು. ಮೇಷ್ಟ್ರು ಗಾಡಿಯನ್ನು ಸರದಿಗೆ ನಿಲ್ಲಿಸಿದರು. ಅವರ ಗಾಡಿಯ ನಟ್ಟೂ ಸಡಿಲವಾಗಲು ಶುರುವಾಗಿತ್ತು.

ಸೊಂಟ ಬಿದ್ದುಹೋಗಿದೆ. ಅವರಿಗೂ ಕಾಲು ನೋವು, ಹೇಳುವುದಿಲ್ಲ, ನಡಿಗೆಯಲ್ಲಿ ಗೊತ್ತಾಗುತ್ತದೆ.

ಮಾರ್ಚ್ ೨೦, ಗುರುವಾರ

ಊಟಕ್ಕೆ ಕೂತಾಗ ಕೇಳಿದೆ. "ಶನಿವಾರ ಬರ್ತಾನಲ್ಲ. ಬೇಡ ಅಂತ ಫೋನ್ ಮಾಡಿದ್ರಾ?"

"ನನ್ನ ಮಗ ನನ್ನ ಮನೆಗೆ ಬರೋದು ಬೇಡ ಅಂತ ನಾನ್ಯಾಕೆ ಹೇಳ್ಲಿ?" ಎಂದರು.

ಅಷ್ಟೇ. ತಟ್ಟೆ ಎತ್ತಿಕೊಂಡು ಎದ್ದು ಹೋದರು. ನಾನೆಂಥ ಮೂರ್ಖಳು! ಬಕೆಟ್ಟಿನಲ್ಲಿ ಮರಳು ಹೊರಿಸಿಕೊಂಡು ಬಂದ ಮಾತ್ರಕ್ಕೆ ತಾಯಿ ಕರುಳು ತಿರುಗಿಬಿಡುತ್ತದಾ? ರಕ್ತ ರಕ್ತವೇ, ಸೊಸೆ ಸೊಸೆಯೇ. ಅವನು ಬಂದು ಎರಡು ಹನಿ ಕಣ್ಣೀರು ಹಾಕಿದರೆ ಮುಗಿಯಿತು. ನನ್ನ ಸೀರೆಗಳನ್ನು ಪೆಟ್ಟಿಗೆಗೆ ತುಂಬಿದೆ. ಅವನು ಬಿಟ್ಟುಹೋದ ಹಳೇ ಸ್ಪ್ಯಾನರುಗಳನ್ನು ಒರೆಸಿ ಸಾಲಾಗಿ ಇಟ್ಟೆ. ಯಾರಿಗೆ ಒರೆಸಿದೆನೋ.

ಮಾರ್ಚ್ ೨೨, ಶನಿವಾರ

ಎಲ್ಲವನ್ನೂ ಬರೆದಿಡುತ್ತೇನೆ, ಒಂದು ಮಾತೂ ಬಿಡುವುದಿಲ್ಲ.

ಹನ್ನೊಂದಕ್ಕೆ ಸೂಲಗಿತ್ತಿಯ ಗಾಡಿ ಕಟ್ಟೆಯ ಮೇಲಿತ್ತು. ನಮ್ಮತ್ತೆ ಬ್ರೇಕ್ ತುಳಿದು ಕೂತಿದ್ದರು. ಬಾರಿಗೆ ಬಕೆಟ್ ತೂಗಿಸುತ್ತಿದ್ದೆ, ಬಾಗಿಲಲ್ಲಿ ನೆರಳು ಬಿತ್ತು. ಅವನು. ಕಪ್ಪು ಕನ್ನಡಕ, ಹೊಸ ಬೂಟು. ಹಿಂದೆ ಗುಜರಿಯವನು, ಕೈಯಲ್ಲಿ ಹೊಸ ಬೀಗ ಬೇರೆ.

"ಏನಮ್ಮಾ ಇದು, ಸರ್ಕಸ್ಸಾ?" ಎಂದು ನಕ್ಕ. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. "ಇಳಿ ಕೆಳ್ಗೆ. ಬೀಗದಕೈ ಇಸ್ಕೊ ಅವಳ ಹತ್ರ. ಇವ್ರು ಕಾಯ್ತಿದ್ದಾರೆ."

"ಇಳಿಯಕ್ಕಾಗಲ್ಲ" ಎಂದರು ನಮ್ಮತ್ತೆ. "ಬ್ರೇಕ್ ತುಳಿದಿದ್ದೀನಿ."

"ಕಾಲು ತೆಗಿ ಮತ್ತೆ."

"ತೆಗೆದ್ರೆ ನಟ್ಟು ಹಾಳಾಗುತ್ತೆ. ಈ ಗಾಡಿ ಓಡಿಸೋಳು ಹೊತ್ತಲ್ಲದ ಹೊತ್ತಲ್ಲಿ ಹೆರಿಗೆಗೆ ಹೋಗ್ತಾಳೆ. ನೀನು ನಿಂತ್ಕೊ."

ಅವನು ನಿಂತ. ಅಮ್ಮ ಅಷ್ಟು ಎತ್ತರದಲ್ಲಿ ಕೂತಿದ್ದರೆ ಯಾರಾದರೂ ನಿಲ್ಲಲೇಬೇಕು. ಬಕೆಟ್ ಇಳಿಯಿತು, ಎತ್ತಿ ಹಾಕಿದೆ. ಅವನು ತಡೆಯಲಾರದೆ, "ನೀನೇ ತಾನೇ ಫೋನ್ ಮಾಡಿ ಕರೆಸಿದ್ದು? ಕೆಲಸ ಬಿಟ್ಟು ಬಂದಿದ್ದೀನಿ" ಎಂದ.

"ಹೌದು, ಕರೆಸಿದೆ. ನಿಂಗೆ ಕೊಡೋದೊಂದು ಇತ್ತು." ನನ್ನ ಕಡೆ ನೋಡದೆಯೇ ಕೈ ಚಾಚಿ, "ಆ ಕೋಲು ಕೊಡೇ" ಎಂದರು.

ಗೋಡೆಗೆ ನೇತುಹಾಕಿದ್ದ ಟಕ್ ಕೋಲನ್ನು ತೆಗೆದು ಕೊಟ್ಟೆ. ಅದರ ಹಿಡಿ ಸೊನ್ನೆಯಲ್ಲಿತ್ತು. ಕೆಟ್ಟದ್ದೆಂದು ಗೊತ್ತಾದ ಮೇಲೂ ತಿರುಗಿಸಿ ಇಟ್ಟಿದ್ದರು. ನಮ್ಮತ್ತೆ ಅದನ್ನು ಒಂದು ಸಲ ಸೆರಗಿನಿಂದ ಒರೆಸಿ ಅವನ ಕಡೆ ಚಾಚಿದರು.

"ಹೋಗುವಾಗ ಮರೆತಿದ್ದೆಯಲ್ಲ. ತಗೋ. ನಿಮ್ಮಪ್ಪನ ಆಸ್ತೀಲಿ ನಿಂದು ಇದೇ ಪಾಲು."

ಅವನ ಮುಖ ನೋಡಿದೆ. ಅವನಿಗೆ ಅರ್ಥವಾಯಿತು. ಕೋಲು ಕೆಟ್ಟದ್ದು ಅಮ್ಮನಿಗೆ ಗೊತ್ತಾಗಿದೆ ಎಂದು ಕನ್ನಡಕದ ಹಿಂದಿನಿಂದಲೂ ಕಂಡಿತು. "ಅಮ್ಮಾ, ಅದು ಅವಳೇ..." ಎಂದು ಶುರುಮಾಡಿದ.

"ನಾನು ನೋಡಿದ್ದೆ ಮಗಾ" ಎಂದರು. ಗದರಲಿಲ್ಲ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ಕೇಳಿಲ್ಲ. "ಪೈಪ್ ಹಾಕಿ ತುಳಿಯೋದೂ ನೋಡಿದ್ದೆ, ಮೊಳೆ ಹೊಡೆಯೋದೂ ನೋಡಿದ್ದೆ. ನೋಡಿ ಸುಮ್ನಿದ್ದೆ. ತಗೋ, ಕೈ ನೋಯ್ತಿದೆ."

ತೆಗೆದುಕೊಂಡ. ಗುಜರಿಯವನು ಹೊಸ ಬೀಗವನ್ನು ಜೇಬಿಗೆ ಇಳಿಸಿ ಮೊದಲೇ ಜಾಗ ಖಾಲಿಮಾಡಿದ್ದ. ಮಗ ಕೋಲು ಹಿಡಿದುಕೊಂಡೇ ಶೆಡ್ಡಿನ ಗೋಡೆಗಳನ್ನೊಮ್ಮೆ ನೋಡಿದ, ಫ್ಯಾನ್ ಇದ್ದ ಜಾಗದ ತೂತುಗಳನ್ನು ನೋಡಿದ. "ಇದಕ್ಕೆಲ್ಲ ಒಂದಿನ ಅನುಭವಿಸ್ತೀಯ" ಎಂದ. ಅಮ್ಮನಿಗೆ ಅಂದನೋ ನನಗೆ ಅಂದನೋ ತಿಳಿಯಲಿಲ್ಲ. ಹೋದ.

ಬಾರು ಅಡ್ಡಕ್ಕೆ ನಿಂತಿತು. "ಆಯ್ತು ಅತ್ತೆ, ಕಾಲು ತೆಗೀರಿ" ಎಂದೆ.

ತೆಗೆಯಲಿಲ್ಲ. ಜಗ್ಗಿತು ಎಂದೂ ಹೇಳಲಿಲ್ಲ. ಹೊರಗೆ ಅವನ ಗಾಡಿ ಸ್ಟಾರ್ಟ್ ಆಯಿತು. ಒಂದನೇ ಗೇರು, ಎರಡನೇ ಗೇರು. ತಿರುವಿನಲ್ಲಿ ಒಮ್ಮೆ ಸದ್ದು ಕಡಿಮೆಯಾಯಿತು, ನಿಲ್ಲಿಸುತ್ತಾನೇನೋ ಎಂದುಕೊಂಡೆ. ನಿಲ್ಲಿಸಲಿಲ್ಲ. ಸದ್ದು ಪೂರ್ತಿ ಕರಗುವವರೆಗೂ ಆ ಕಾಲು ಬ್ರೇಕಿನ ಮೇಲೇ ಇತ್ತು, ನನ್ನ ಮೂಗಿನ ಪಕ್ಕದಲ್ಲಿ, ಬೆರಳುಗಳು ಬೆಳ್ಳಗಾಗಿದ್ದವು. ನಾನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಪೆಡಲಿನಿಂದ ಇಳಿಸಿದೆ.

"ಎಣ್ಣೆ ಕೈ" ಎಂದು ಬೈದರು.

ಮಾರ್ಚ್ ೨೪, ಸೋಮವಾರ

ಬ್ರೆಡ್ಡಿನವನು ಬಂದು ಎರಡು ಬ್ರೆಡ್ ಕೊಟ್ಟು ಹೋದ. ಗಾಡಿ ಚೆನ್ನಾಗಿದೆಯಂತೆ, ಏರಿನಲ್ಲೂ. ನಮ್ಮತ್ತೆ ಬ್ರೆಡ್ಡನ್ನು ಒತ್ತಿ ನೋಡಿ ನಿನ್ನೆಯದು ಎಂದು ಅವನ ಮುಖದ ಮೇಲೇ ಹೇಳಿದರು. ನಾಲಿಗೆಗೆ ಒಂದು ನಟ್ಟು ಬಿಗಿಯಬೇಕು ಈ ಹೆಂಗಸಿಗೆ.

ಮಧ್ಯಾಹ್ನ ಕೆಲಸ ಇರಲಿಲ್ಲ. ಹಳೇ ಟೈರು ಕತ್ತರಿಸಿ ಅವರ ಬಲಗಾಲಿನ ಅಳತೆಗೆ ಒಂದು ದಪ್ಪ ಅಟ್ಟೆ ಮಾಡಿ, ಟ್ಯೂಬಿನ ಪಟ್ಟಿ ಹೊಲಿದೆ. ಅವರ ಮೇಲಿನ ಕನಿಕರಕ್ಕೆ ಮಾಡಿದ್ದಲ್ಲ. ಕಾಲು ಜಾರಿದರೆ ನನ್ನ ನಟ್ಟು ಸಡಿಲವಾಗುತ್ತದೆ, ಅದಕ್ಕೆ. ಮಲಗಿದ್ದಾಗ ಅಳತೆ ತೆಗೆದುಕೊಂಡೆ, ಎದ್ದಿದ್ದರೆ ಬೇಡ ಎನ್ನುತ್ತಿದ್ದರು.

ಎಡಗಾಲಿಗೂ ಒಂದು ಮಾಡಿದೆ. ಟೈರು ಹೇಗೂ ಉಳಿದಿತ್ತು.